ಸೆಕೆಂಡ್ ಚಾಪ್ಟರ್ ಆಫ್ ಆ್ಯಕ್ಟ್ಸ್: ತಂಡಕ್ಕಿಂತ ಮೊದಲು ಮನೆ

ಹಳೇ ಎಲ್‌ಪಿ

ಈಸ್ಟರ್ ಹತ್ತಿರ ಬಂತೆಂದರೆ ಯಾರಾದರೊಬ್ಬರು ‘ಈಸ್ಟರ್ ಸಾಂಗ್’ ಹಂಚುತ್ತಾರೆ. ಕೆಳಗೆ ಹಲ್ಲೆಲೂಯಗಳ ಸಾಲು ಬೀಳುತ್ತದೆ. ಅದನ್ನು ಮೊದಲು ಹಾಡಿದ ಮೂವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ತಂಡದ ಹೆಸರು ಸೆಕೆಂಡ್ ಚಾಪ್ಟರ್ ಆಫ್ ಆ್ಯಕ್ಟ್ಸ್. ಬೈಬಲಿನ ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯ, ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮ ಇಳಿದು ಬರುವ ಭಾಗ. ಹಾಡುತ್ತಿದ್ದವರು ಮೂರೇ ಜನ. ಆ್ಯನಿ ಹೆರಿಂಗ್, ಅವರ ತಂಗಿ ನೆಲ್ಲಿ ವಾರ್ಡ್, ತಮ್ಮ ಮ್ಯಾಥ್ಯೂ ವಾರ್ಡ್. ಅಕ್ಕ ಹುಟ್ಟಿದ್ದು 1945ರಲ್ಲಿ, ತಮ್ಮ 1958ರಲ್ಲಿ. ಅಕ್ಕ ಅನ್ನುವುದಕ್ಕಿಂತ ಚಿಕ್ಕಮ್ಮ ಅನ್ನಬಹುದಾದ ಅಂತರ.

1968ರಲ್ಲಿ ತಾಯಿ ತೀರಿಕೊಂಡರು. 1970ರಲ್ಲಿ ತಂದೆಯೂ ಹೋದರು. ಅಷ್ಟರಲ್ಲಿ ಆ್ಯನಿಗೆ ಮದುವೆಯಾಗಿತ್ತು. ಗಂಡ ಬಕ್ ಹೆರಿಂಗ್, ಮೊದಲು ರೇಡಿಯೋದಲ್ಲಿದ್ದವರು, ಆಮೇಲೆ ರೆಕಾರ್ಡಿಂಗ್ ಎಂಜಿನಿಯರ್ ಆದವರು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ನೆಲ್ಲಿಯನ್ನೂ ಮ್ಯಾಥ್ಯೂವನ್ನೂ ಈ ದಂಪತಿ ಕ್ಯಾಲಿಫೋರ್ನಿಯಾದ ತಮ್ಮ ಮನೆಗೆ ಕರೆದುಕೊಂಡು ಬಂದರು. ಹೊಸದಾಗಿ ಸಂಸಾರ ಹೂಡಿದವರ ಮನೆಗೆ ಇದ್ದಕ್ಕಿದ್ದಂತೆ ಎರಡು ದೊಡ್ಡ ಮಕ್ಕಳು!

ಮನೆಯಲ್ಲಿ ಪಿಯಾನೋ ಇತ್ತು. ಆ್ಯನಿ ಪಾಠ ಹೇಳಿಸಿಕೊಂಡು ಕಲಿತವರಲ್ಲ, ಕಿವಿಯಿಂದಲೇ ಸ್ವರ ಹುಡುಕಿಕೊಂಡು ನುಡಿಸುತ್ತಿದ್ದರು. ಅವರು ಹೊಸ ಹಾಡು ಕಟ್ಟುತ್ತಾ ಕೂತರೆ ಚಿಕ್ಕವರಿಬ್ಬರೂ ಬಂದು ತಮಗೆ ತೋಚಿದ ಸ್ವರ ಸೇರಿಸುತ್ತಿದ್ದರು. ತಂಡ ಕಟ್ಟೋಣ ಅಂತ ಯಾರೂ ಯೋಜನೆ ಹಾಕಿರಲಿಲ್ಲ.

ನಾನು ಹೇಳುವುದು ಇಷ್ಟೇ. ಆ ಮೊದಲ ನಾಲ್ಕೈದು ವರ್ಷವನ್ನು ಒಂದು ಮನೆಯ ಕಥೆ ಅಂತಲೇ ನೋಡಬೇಕು. ಅದರಲ್ಲೂ ವೇದಿಕೆ ಮೇಲೆ ಹಾಡದೇ ಇದ್ದ ನಾಲ್ಕನೆಯವರು, ಬಕ್, ಅವರನ್ನು ಬಿಟ್ಟು ಈ ತಂಡದ ಬಗ್ಗೆ ಮಾತಾಡುವ ಹಾಗೇ ಇಲ್ಲ. ನಿಮಗೇನನ್ನಿಸುತ್ತದೆ ಬರೆಯಿರಿ. ಸುಮ್ನೆ ‘ಆಮೆನ್’ ಹಾಕಿ ಹೋಗಬೇಡಿ.

ಟೆನರ್ ತಮ್ಮ

ಅಣ್ಣ, ‘ಈಸ್ಟರ್ ಸಾಂಗ್’ ಗಾಯಕ ಕೀತ್ ಗ್ರೀನ್ ಅವರ ಹಾಡಲ್ವಾ? ನಮ್ಮ ಕ್ವಾಯರ್ ಫೈಲಿನಲ್ಲೂ ಅವರ ಹೆಸರೇ ಇದೆ.

ಹಳೇ ಎಲ್‌ಪಿ

ಪೆನ್ನು ತೆಗೆದು ತಿದ್ದಿಬಿಡಿ ತಮ್ಮ. ಬರೆದವರು ಆ್ಯನಿ ಹೆರಿಂಗ್. ಮೊದಲು ಬಂದದ್ದು 1974ರ ‘ವಿತ್ ಫುಟ್‌ನೋಟ್ಸ್’ ಅನ್ನುವ ಆಲ್ಬಮ್‌ನಲ್ಲಿ. ಕೀತ್ ಗ್ರೀನ್ ಅದನ್ನು ಹಾಡಿದ್ದು 1977ರಲ್ಲಿ, ತಮ್ಮ ಮೊದಲ ಕ್ರೈಸ್ತ ಆಲ್ಬಮ್‌ಗೆ. ಅವರು ಒಬ್ಬರೇ ಪಿಯಾನೋ ಕುಟ್ಟಿಕೊಂಡು ಎದೆಯಿಂದ ಹಾಡುತ್ತಾರೆ, ಚೆನ್ನಾಗಿಯೇ ಇದೆ. ಆದರೆ ಮೂಲ ಹಾಡಿನ ಜೀವ ಇರುವುದು ಮೂರು ಗಂಟಲು ಒಟ್ಟಿಗೆ ಮೇಲೇರುವುದರಲ್ಲಿ. ಒಬ್ಬರು ಹಾಡಿದರೆ ಅದು ಸಾಕ್ಷಿ ಹೇಳಿದ ಹಾಗೆ ಆಗುತ್ತದೆ. ಮೂವರು ಹಾಡಿದಾಗ ಸುದ್ದಿ ಊರಿಗೆಲ್ಲ ಹಬ್ಬಿದ ಹಾಗೆ ಕೇಳಿಸುತ್ತದೆ.

ಕುಡ್ಲ ಕಿಟಾರ್

ಒಳ್ಳೆ ವಿಷಯ ತೆಗೆದಿರಿ ಮಾರಾಯ್ರೆ. ಆದರೆ ಆ ಕಾಲ ಹೇಗಿತ್ತು ಅಂತ ಹೇಳದೆ ಬರೀ ಮನೆ ಮನೆ ಅಂದರೆ ಅರ್ಧ ಕಥೆ.

1960ರ ದಶಕದ ಕೊನೆ. ಕ್ಯಾಲಿಫೋರ್ನಿಯಾದಲ್ಲಿ ಹಿಪ್ಪಿಗಳ ಕಾಲ. ಅದೇ ಉದ್ದ ಕೂದಲಿನ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಕ್ರಿಸ್ತನ ಕಡೆ ತಿರುಗಿದರು. ಜೀಸಸ್ ಮೂವ್‌ಮೆಂಟ್ ಅಂದರು. ಕೋಸ್ಟಾ ಮೆಸಾದಲ್ಲಿ ಚಕ್ ಸ್ಮಿತ್ ಅವರ ಕ್ಯಾಲ್ವರಿ ಚಾಪೆಲ್‌ಗೆ ಬರಿಗಾಲಿನಲ್ಲೇ ಬಂದು ಕೂರುತ್ತಿದ್ದರು. 1971ರ ಜೂನ್‌ನಲ್ಲಿ ‘ಟೈಮ್’ ಪತ್ರಿಕೆ ಇದನ್ನೇ ಮುಖಪುಟದಲ್ಲಿ ಹಾಕಿತು. ಮರುವರ್ಷ ಡಲ್ಲಾಸ್‌ನಲ್ಲಿ ಎಕ್ಸ್‌ಪ್ಲೋ 72 ಸಮ್ಮೇಳನ, ಸುವಾರ್ತಿಕ ಬಿಲ್ಲಿ ಗ್ರಹಾಂ ಬಂದು ಮಾತಾಡಿದರು.

ಈ ಹುಡುಗರಿಗೆ ಪೈಪ್ ಆರ್ಗನ್ ಹಿಡಿಸಲಿಲ್ಲ. ಕಿಟಾರ್, ಡ್ರಮ್ಸ್ ಬೇಕಿತ್ತು. ಲ್ಯಾರಿ ನಾರ್ಮನ್ 1969ರಲ್ಲೇ ಕ್ಯಾಪಿಟಲ್ ಕಂಪನಿಯಿಂದ ರಾಕ್ ಆಲ್ಬಮ್ ತಂದಿದ್ದರು. ಕ್ಯಾಲ್ವರಿ ಚಾಪೆಲ್ ಹುಡುಗರ ಲವ್ ಸಾಂಗ್ ತಂಡ ಇತ್ತು. ಆಗ ಅದಕ್ಕೆ ಸಿಸಿಎಂ, ಅಂದರೆ ಕಂಟೆಂಪರರಿ ಕ್ರಿಶ್ಚಿಯನ್ ಮ್ಯೂಸಿಕ್, ಅನ್ನುವ ಹೆಸರೂ ಇರಲಿಲ್ಲ, ಎಲ್ಲರೂ ಜೀಸಸ್ ಮ್ಯೂಸಿಕ್ ಅನ್ನುತ್ತಿದ್ದರು. ಆ್ಯನಿಯ ಪಿಯಾನೋ ಹಾಡಿಗೆ ಕೇಳುವ ಕಿವಿ ಸಿಕ್ಕಿದ್ದು ಇದೆಲ್ಲ ಇದ್ದದ್ದರಿಂದ. ಹತ್ತು ವರ್ಷ ಮೊದಲಾಗಿದ್ದರೆ ಆ ಹಾಡುಗಳು ಆ ಕೋಣೆ ಬಿಟ್ಟು ಆಚೆ ಬರುತ್ತಿದ್ದವೋ ಇಲ್ಲವೋ.

ನೇರಮಾತು

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ಅಮ್ಮ ಇಲ್ಲದ ಇಬ್ಬರು ಮಕ್ಕಳು. ಊಟ ಹಾಕುವವರು ಅಕ್ಕ ಭಾವ. ಹಾಡು ಬರೆಯುವವರು ಅದೇ ಅಕ್ಕ. ರೆಕಾರ್ಡ್ ಮಾಡುವವರು ಅದೇ ಭಾವ. ಮ್ಯಾಥ್ಯೂಗೆ ಹದಿನಾಲ್ಕು ಹದಿನೈದು ವಯಸ್ಸು. ‘ನನಗೆ ಇವತ್ತು ಹಾಡೋಕೆ ಮನಸ್ಸಿಲ್ಲ’ ಅನ್ನಬೇಕಾದರೆ ಯಾರ ಹತ್ತಿರ ಹೋಗಿ ಹೇಳಬೇಕು? ಕುಟುಂಬದ ತಂಡ ಅಂದ ತಕ್ಷಣ ನಾವು ‘ಆಹಾ ಎಷ್ಟು ಚಂದ’ ಅಂತೀವಿ. ಅಮೆರಿಕದ ಬೀಚ್ ಬಾಯ್ಸ್ ತಂಡ ನೋಡಿ. ವಿಲ್ಸನ್ ಅಣ್ಣತಮ್ಮಂದಿರ ಅಪ್ಪನೇ ಮ್ಯಾನೇಜರ್ ಆಗಿದ್ದರು, 1964ರಲ್ಲಿ ಮಕ್ಕಳೇ ಅವರನ್ನು ಆ ಕೆಲಸದಿಂದ ತೆಗೆದರು. ಮೈಕಲ್ ಜಾಕ್ಸನ್ ಅಣ್ಣತಮ್ಮಂದಿರ ಜಾಕ್ಸನ್ ಫೈವ್ ಮನೆಯ ಕಥೆ ಎಲ್ಲರಿಗೂ ಗೊತ್ತು. ಪ್ರಾರ್ಥನೆ ಮಾಡುವ ಮನೆ ಅಂದ ಮಾತ್ರಕ್ಕೆ ಈ ಪ್ರಶ್ನೆ ಕೇಳಬಾರದು ಅಂತ ಇಲ್ಲ ಅಲ್ವಾ?

ಮೈಸೂರು ಆಲ್ಟೋ

ಪ್ರಶ್ನೆ ಸರಿ ಇದೆ, ಹೋಲಿಕೆ ಸರಿ ಇಲ್ಲ ಅನ್ನಿಸುತ್ತದೆ. ವಿಲ್ಸನ್‌ಗಳ ಅಪ್ಪನೂ ಜಾಕ್ಸನ್‌ಗಳ ಅಪ್ಪನೂ ಮಕ್ಕಳಿಂದ ಏನೋ ಆಗಬೇಕು ಅಂತ ಹಟ ಹಿಡಿದವರು. ಇಲ್ಲಿ ಮೊದಲು ಬಂದದ್ದು ಸಾವು. ಹಾಡು ಆಮೇಲೆ. ಮಕ್ಕಳು ಮನೆಗೆ ಬಂದಾಗ ಹಾಡಿಸುವ ಆಲೋಚನೆಯೇ ಇರಲಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಸಾವಾದ ಮೇಲೆ ಮಕ್ಕಳು ಮಾತಾಡುವುದು ಕಮ್ಮಿ ಮಾಡುತ್ತವೆ. ನಾನು ಸಂಡೇ ಸ್ಕೂಲ್‌ನಲ್ಲಿ ಹಾಡು ಹೇಳಿಕೊಡುವವಳು, ಇದನ್ನು ಕಣ್ಣಾರೆ ನೋಡಿದ್ದೇನೆ. ಮಾತು ಬಾರದ ಮಗು ಕೋರಸ್‌ನಲ್ಲಿ ಬಾಯಿ ಬಿಡುತ್ತದೆ. ಅಲ್ಲಿ ಯಾರೂ ಅದನ್ನೊಂದನ್ನೇ ನೋಡುತ್ತಿರುವುದಿಲ್ಲ. ಮೂವರು ಒಂದೇ ಸಾವನ್ನು ಹೊತ್ತು ಒಂದೇ ಪಿಯಾನೋ ಹತ್ತಿರ ನಿಂತಿದ್ದರು. ಅದನ್ನು ದುಡಿಮೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನೇರಮಾತು

ಮೇಡಂ, ಪಿಯಾನೋ ಹತ್ತಿರ ನಿಂತಾಗ ದುಡಿಮೆ ಅಲ್ಲ, ಒಪ್ಪಿದೆ. ಕಂಪನಿ ಜೊತೆ ಕಾಗದಕ್ಕೆ ಸಹಿ ಹಾಕಿದ ದಿನದಿಂದ ಅಲ್ವಾ ನನ್ನ ಪ್ರಶ್ನೆ.

ಹಳೇ ಎಲ್‌ಪಿ

ಸಹಿಯ ವಿಷಯಕ್ಕೆ ಬರೋಣ, ಅದು ಮಜಾ ಇದೆ.

ಮೊದಲು ಕೈ ಹಿಡಿದವರು ಗಾಯಕ ಪ್ಯಾಟ್ ಬೂನ್. ಅವರ ಮೂಲಕ ಎಂಜಿಎಂ ರೆಕಾರ್ಡ್ಸ್‌ನಲ್ಲಿ ಅವಕಾಶ ಸಿಕ್ಕಿತು, ಸಿಂಗಲ್‌ಗಳು, ಅಂದರೆ ಬಿಡಿ ಹಾಡಿನ ಡಿಸ್ಕ್‌ಗಳು, ಬಂದವು. ಸದ್ದಾಗಲಿಲ್ಲ. ಆಗ ಎಂಜಿಎಂನಲ್ಲಿ ಯಾರಿದ್ದರು ಗೊತ್ತಾ? ಆಸ್ಮಂಡ್ಸ್. ಬಿಳಿ ಹಲ್ಲು, ಒಂದೇ ಥರದ ಬಟ್ಟೆ, ಅಣ್ಣತಮ್ಮಂದಿರ ಸಾಲು. ಟೀವಿಯಲ್ಲಿ ಪಾರ್ಟ್ರಿಡ್ಜ್ ಫ್ಯಾಮಿಲಿ ಧಾರಾವಾಹಿ ಬೇರೆ ಓಡುತ್ತಿತ್ತು. ಕುಟುಂಬದ ತಂಡ ಅನ್ನುವುದು ಆಗ ಚೆನ್ನಾಗಿ ಮಾರಾಟವಾಗುವ ಸರಕು. ಈ ಮೂವರಿಗೂ ಬಟ್ಟೆ ಹೊಲಿಸಿ ಕುಣಿಸಿದ್ದರೆ ಹಣ ಆಗುತ್ತಿತ್ತೋ ಏನೋ. ಅವರು ಆ ದಾರಿ ಹಿಡಿಯಲಿಲ್ಲ. ನೇರಮಾತು ಅವರೇ, ನಿಮ್ಮ ಪ್ರಶ್ನೆಗೆ ಇದೂ ಒಂದು ಉತ್ತರ ಅಂದುಕೊಳ್ಳಿ.

ನಿಜವಾದ ತಿರುವು 1973ರಲ್ಲಿ. ಬ್ಯಾರಿ ಮ್ಯಾಕ್‌ಗ್ವಾಯರ್ ನೆನಪಿದೆಯಾ? 1965ರಲ್ಲಿ ‘ಈವ್ ಆಫ್ ಡಿಸ್ಟ್ರಕ್ಷನ್’ ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದವರು. ಬ್ರಾಡ್‌ವೇಯಲ್ಲಿ ‘ಹೇರ್’ ನಾಟಕದಲ್ಲೂ ಇದ್ದರು. ಆಮೇಲೆ ವಿಶ್ವಾಸಿಯಾದರು. ಅವರ ಮೊದಲ ಕ್ರೈಸ್ತ ಆಲ್ಬಮ್ ‘ಸೀಡ್ಸ್’ ಮಾಡಿಸಿದ್ದು ಬಕ್ ಹೆರಿಂಗ್. ಹಿನ್ನೆಲೆ ದನಿ ಬೇಕಾಯಿತು. ಬಕ್ ಮನೆಯವರನ್ನೇ ಕರೆದರು. ಬ್ಯಾರಿಯದು ಜಲ್ಲಿ ಉರುಳಿಸಿದಂಥ ಗಂಟಲು. ಅದರ ಹಿಂದೆ ಈ ಮೂವರ ದನಿ ಬಂದಾಗ ಆಗುವ ವ್ಯತ್ಯಾಸ ಕೇಳಿ ನೋಡಿ, ಮುಂದೆ ಏನಾಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ರೆಕಾರ್ಡ್ ಕಂಪನಿಯ ಹೆಸರು ‘ಮರ್’. ಟೆಕ್ಸಸ್‌ನ ವೇಕೋದಲ್ಲಿದ್ದ ವರ್ಡ್ ಸಂಸ್ಥೆಯೊಳಗೆ ಬಿಲ್ಲಿ ರೇ ಹರ್ನ್ 1972ರಲ್ಲಿ ಶುರು ಮಾಡಿದ ಲೇಬಲ್. ಹೊಸ ಹುಡುಗರ ಸಂಗೀತಕ್ಕಾಗಿಯೇ ಇದ್ದದ್ದು. 1974ರಲ್ಲಿ ಅಲ್ಲಿಂದಲೇ ‘ವಿತ್ ಫುಟ್‌ನೋಟ್ಸ್’ ಬಂತು.

ಸ್ಟುಡಿಯೋ ಮಂಜ

ಈಗ ನನ್ನ ಏರಿಯಾ ಬಂತು. ಬಕ್ ಬಗ್ಗೆ ಎರಡು ಮಾತು.

ಅಣ್ಣತಂಗಿಯರ ದನಿ ಯಾಕೆ ಹೊಂದುತ್ತದೆ ಅಂತ ಜನ ಕೇಳುತ್ತಾರೆ. ರಕ್ತ ಅನ್ನುತ್ತಾರೆ. ಅರ್ಧ ಸರಿ. ಬಾಯಿ, ಗಂಟಲು, ಮೂಗಿನ ಆಕಾರ ಹೋಲುವುದರಿಂದ ದನಿಯ ಬಣ್ಣ ಹತ್ತಿರ ಇರುತ್ತದೆ. ಆದರೆ ಅದಕ್ಕಿಂತ ದೊಡ್ಡ ಕಾರಣ ಒಂದೇ ಮನೆಯ ಮಾತು. ‘ಆ’ ಎಷ್ಟು ಅಗಲ, ‘ಓ’ ಎಷ್ಟು ದುಂಡು, ಸಾಲಿನ ಕೊನೆಯಲ್ಲಿ ಉಸಿರು ಎಲ್ಲಿ ಬಿಡಬೇಕು, ಇದೆಲ್ಲ ಹೇಳಿಕೊಡದೆ ಬಂದಿರುತ್ತದೆ. ಬೇರೆ ಬೇರೆ ಮನೆಯಿಂದ ಬಂದ ಕ್ವಾಯರ್‌ಗೆ ಇದನ್ನೇ ತಿಂಗಳುಗಟ್ಟಲೆ ತಿದ್ದಬೇಕು.

ಮಿಕ್ಸ್ ಮಾಡುವವರಿಗೆ, ಅಂದರೆ ರೆಕಾರ್ಡ್ ಆದ ದನಿಗಳನ್ನು ಹದವಾಗಿ ಬೆರೆಸುವವರಿಗೆ, ಇದರಲ್ಲಿ ಒಂದು ತೊಂದರೆಯೂ ಇದೆ. ತುಂಬಾ ಹೊಂದಿಕೊಂಡರೆ ಮೂರು ದನಿ ಒಂದೇ ಮುದ್ದೆಯಾಗಿ ಕೇಳಿಸುತ್ತದೆ. ‘ಈಸ್ಟರ್ ಸಾಂಗ್’ನಲ್ಲಿ ಹಾಗಾಗುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿ. ದನಿಗಳು ಒಟ್ಟಿಗೆ ಮೇಲೇರುವ ಜಾಗದಲ್ಲಿ ಮೂವರನ್ನೂ ಬೇರೆ ಬೇರೆ ಹಿಡಿಯಬಹುದು. ಅಷ್ಟಾದರೂ ಒಂದೇ ವಾದ್ಯದ ಹಾಗಿದೆ. ಆ ಮೂರು ಗಂಟಲು ಬೆಳಗ್ಗೆ ಎದ್ದಾಗ ಹೇಗಿರುತ್ತವೆ, ಶೀತವಾದಾಗ ಹೇಗಿರುತ್ತವೆ ಅಂತ ಗೊತ್ತಿದ್ದವರು ಮಿಕ್ಸ್ ಮಾಡಿದ್ದಾರೆ ಅಂತ ನನಗನ್ನಿಸುವುದು ಅದಕ್ಕೇ. ಬಾಡಿಗೆಗೆ ಬಂದ ಎಂಜಿನಿಯರ್‌ಗೆ ಇದು ಗೊತ್ತಿರುವುದಿಲ್ಲ. ನಾನೂ ಬಾಡಿಗೆಗೆ ಹೋಗುವವನೇ, ಅದಕ್ಕೇ ಹೇಳಿದೆ.

ಹಳೇ ಎಲ್‌ಪಿ ಅವರೇ, ನಾಲ್ಕನೆಯವರು ಬಕ್ ಅಂದಿರಿ. ನಾನು ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ತಂಡದ ವಾದ್ಯ ಆ್ಯನಿಯ ಪಿಯಾನೋ, ತಂಡದ ಕಿವಿ ಬಕ್.

ರಾಗಮಾಲೆ

ನಾನು ಕ್ರೈಸ್ತಳಲ್ಲ, ಸಂಗೀತದ ಮಾತು ಅಂತ ಇಣುಕಿದೆ. ನಮ್ಮಲ್ಲೂ ಸಹೋದರರ ಜೋಡಿ ಇದೆಯಲ್ಲ, ರುದ್ರಪಟ್ಟಣಂ ಸಹೋದರರನ್ನು ಕೇಳಿ ಬೆಳೆದವಳು ನಾನು. ಅಲ್ಲಿ ಇಬ್ಬರೂ ಒಂದೇ ಸ್ವರ ಹಿಡಿದು ಸಾಗುತ್ತಾರೆ, ಆಮೇಲೆ ಒಬ್ಬರಾದ ಮೇಲೆ ಒಬ್ಬರು ಸ್ವರ ಹಾಕುತ್ತಾರೆ. ಇಲ್ಲಿ ಒಂದೇ ಹೊತ್ತಿಗೆ ಮೂವರು ಮೂರು ಸ್ವರದಲ್ಲಿ ನಿಂತಿದ್ದಾರೆ. ಮಂಜ ಅವರು ಹೇಳಿದ ಮೇಲೆ ಹೆಡ್‌ಫೋನ್ ಹಾಕಿ ಕೇಳಿದೆ. ಎತ್ತರದಲ್ಲಿ ಕೇಳಿಸುವ ದನಿಗಳಲ್ಲಿ ಒಂದು ಹುಡುಗನದ್ದಾ? ನಾನು ಎಲ್ಲಾ ಹೆಣ್ಣು ದನಿ ಅಂದುಕೊಂಡಿದ್ದೆ!

ಮೈಸೂರು ಆಲ್ಟೋ

ಹೌದು, ಮ್ಯಾಥ್ಯೂದು ತುಂಬಾ ಎತ್ತರದ ಟೆನರ್, ಅಂದರೆ ಗಂಡಸರ ಮೇಲಿನ ದನಿ. ಆಲ್ಬಮ್ ಬಂದ ವರ್ಷ ಅವನಿಗೆ ಹದಿನಾರು. ಗಂಡು ಹುಡುಗರ ಗಂಟಲು ಒಡೆಯುವ ವಯಸ್ಸಿನಲ್ಲೇ ಈ ಕೆಲಸ ಶುರುವಾಗಿತ್ತು ಅನ್ನುವುದನ್ನು ಮರೆಯಬಾರದು. ಕ್ವಾಯರ್‌ನಲ್ಲಿ ಆ ವಯಸ್ಸಿನ ಹುಡುಗರನ್ನು ನಾವು ಸಾಮಾನ್ಯವಾಗಿ ಹಿಂದಿನ ಸಾಲಿಗೆ ಕಳಿಸಿ ‘ಸ್ವಲ್ಪ ದಿನ ಮೆಲ್ಲಗೆ ಹಾಡು’ ಅನ್ನುತ್ತೇವೆ.

ಟೆನರ್ ತಮ್ಮ

ಅಕ್ಕ, ನನ್ನನ್ನು ಇನ್ನೂ ಹಿಂದಿನ ಸಾಲಿನಲ್ಲೇ ಇಟ್ಟಿದ್ದಾರೆ.

ಡಿಸ್ಕ್ ಬುಟ್ಟಿ

ನಗು ಬಂತು. ಇರಲಿ, ಡಿಸ್ಕ್‌ಗಳ ಸಾಲು ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು.

1973 ‘ಸೀಡ್ಸ್’, ಬ್ಯಾರಿಗೆ ಹಿನ್ನೆಲೆ. 1974 ‘ವಿತ್ ಫುಟ್‌ನೋಟ್ಸ್’. 1975ರಲ್ಲಿ ‘ಇನ್ ದ ವಾಲ್ಯೂಮ್ ಆಫ್ ದ ಬುಕ್’, ಅದೇ ವರ್ಷ ಬ್ಯಾರಿ ಜೊತೆ ಜನರ ಮುಂದೆ ಹಾಡಿದ ಎರಡು ಡಿಸ್ಕ್‌ನ ‘ಟು ದ ಬ್ರೈಡ್’. ವಾದ್ಯದವರ ತಂಡದ ಹೆಸರೇ ‘ಎ ಬ್ಯಾಂಡ್ ಕಾಲ್ಡ್ ಡೇವಿಡ್’. 1977ರಲ್ಲಿ ಕಿಟಾರ್ ಮಾಂತ್ರಿಕ ಫಿಲ್ ಕೆಗ್ಗಿ ಜೊತೆ ಮೂರು ಡಿಸ್ಕ್‌ನ ಲೈವ್ ಆಲ್ಬಮ್, ‘ಹೌ ದ ವೆಸ್ಟ್ ವಾಸ್ ಒನ್’.

ಆರಂಭದ ವರ್ಷ ಅಂದರೆ ನನ್ನ ಲೆಕ್ಕದಲ್ಲಿ ‘ಟು ದ ಬ್ರೈಡ್’ಗೆ ಮುಗಿಯಿತು. ಅದರಲ್ಲಿ ಅವರು ಇನ್ನೂ ಬ್ಯಾರಿ ಅಣ್ಣನ ಜೊತೆ ಬಂದ ಮಕ್ಕಳ ಹಾಗೆ ಇದ್ದಾರೆ. ಕೆಗ್ಗಿ ಜೊತೆಯದರಲ್ಲಿ ಪೂರಾ ಪಳಗಿದ ತಂಡ. ನನಗೆ ಮೊದಲನೆಯದೇ ಇಷ್ಟ, ಅಲ್ಲಲ್ಲಿ ಒರಟು ಇದ್ದರೂ.

ಕುಡ್ಲ ಕಿಟಾರ್

ಬ್ಯಾರಿ ಜೊತೆ ತಿರುಗಾಡಿದ್ದು ಬಹಳ ದೊಡ್ಡ ವಿಷಯ. ಹೊಸ ತಂಡಕ್ಕೆ ಸಭಾಂಗಣ ತುಂಬಿಸುವುದು ಸುಲಭವಾ? ಅವರಿಗೆ ಜನ ಮೊದಲೇ ಬಂದು ಕೂತಿರುತ್ತಿದ್ದರು, ಬ್ಯಾರಿಯ ಹಳೇ ಹೆಸರಿಗೆ. ‘ಡಿಸ್ಟ್ರಕ್ಷನ್’ ಹಾಡಿದ ಮನುಷ್ಯ ಈಗ ಏನು ಹೇಳುತ್ತಾನೆ ನೋಡೋಣ ಅಂತ ಬಂದವರು ಈ ಮೂವರನ್ನು ಕೇಳಿಕೊಂಡು ಹೋದರು. ಆ ಕಾಲದ ಜೀಸಸ್ ಮ್ಯೂಸಿಕ್ ಕೂಟಗಳಲ್ಲಿ ಎಷ್ಟೋ ಕಡೆ ಟಿಕೆಟ್ ಇಲ್ಲ, ಕೊನೆಗೆ ಕಾಣಿಕೆ ಎತ್ತುವುದು, ಬಂದಷ್ಟರಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮುಂದಿನ ಊರು. ದೊಡ್ಡ ಮ್ಯಾನೇಜರ್, ದೊಡ್ಡ ಬಸ್ಸು ಎಲ್ಲ ಈ ಸಂಗೀತಕ್ಕೆ ಬಂದದ್ದು ಆಮೇಲೆ.

ನೇರಮಾತು

ಕಾಣಿಕೆ ಎತ್ತಿದ ಮಾತ್ರಕ್ಕೆ ಒತ್ತಡ ಇಲ್ಲ ಅಂತ ಆಗುವುದಿಲ್ಲ. ಟಿಕೆಟ್ ಇದ್ದರೆ ಕಾರ್ಯಕ್ರಮ ರದ್ದು ಮಾಡಿ ಹಣ ವಾಪಸ್ ಕೊಡಬಹುದು. ದೇವರ ಕೆಲಸ ಅಂದ ಮೇಲೆ ಗಂಟಲು ನೋವು ಅಂತ ಹೇಳುವುದೂ ಕಷ್ಟ. ಸಭೆಗಳಲ್ಲಿ ಹಾಡುವ ಎಷ್ಟೋ ಮಕ್ಕಳಿಗೆ ಇದು ಗೊತ್ತು. ನಾನೂ ಅಂಥದೇ ಮನೆಯಲ್ಲಿ ಬೆಳೆದವನು, ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಆದರೂ ಒಂದು ಒಪ್ಪುತ್ತೇನೆ. ಈ ತಂಡ ಹಾಡುವುದನ್ನು ನಿಲ್ಲಿಸಿದ್ದು 1988ರಲ್ಲಿ. ಮದುವೆಯಾಗಿ ನೆಲ್ಲಿ ವಾರ್ಡ್ ಹೋಗಿ ನೆಲ್ಲಿ ಗ್ರೈಸೆನ್ ಆದರು, ಆಮೇಲೂ ಹಾಡಿದರು. ಮ್ಯಾಥ್ಯೂ 1979ರಲ್ಲಿ ತನ್ನದೇ ಸೋಲೋ ಆಲ್ಬಮ್ ಮಾಡಿ ಮತ್ತೆ ತಂಡದಲ್ಲೇ ಉಳಿದರು. ಬಿಟ್ಟು ಹೋಗುವ ವಯಸ್ಸು ಬಂದ ಮೇಲೂ ಬಿಟ್ಟು ಹೋಗಲಿಲ್ಲ. ಇದು ಲೆಕ್ಕಕ್ಕೆ ಬರುತ್ತದೆ.

ಹಳೇ ಎಲ್‌ಪಿ

ನಿಮ್ಮ ಮಾತಿನ ಹಿಂದೆ ಏನಿದೆ ಅಂತ ಅರ್ಥವಾಯಿತು. ಕೇಳಿದ್ದು ಒಳ್ಳೆಯದಾಯಿತು. ನನ್ನ ಮೊದಲ ಬರಹದಲ್ಲಿ ಬಕ್ ಬಗ್ಗೆ ಹೊಗಳಿಕೆ ಮಾತ್ರ ಇತ್ತು, ಅವರ ಕೈಯಲ್ಲಿ ಎಷ್ಟು ಅಧಿಕಾರ ಇತ್ತು ಅನ್ನುವುದೂ ಅದೇ ಕಥೆಯ ಭಾಗ. ಒಂದೇ ಮನುಷ್ಯ ಭಾವ, ಪೋಷಕ, ನಿರ್ಮಾಪಕ. ಬಕ್ ಕೆಟ್ಟವರಾಗಿದ್ದರೆ ಇದು ಬೇರೆ ಥರದ ಕಥೆ ಆಗುತ್ತಿತ್ತು.

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಡ್ರಮ್ಸ್ ಆರಾಧನೆಯಲ್ಲಿ ಇರಬೇಕೋ ಬೇಡವೋ ಅನ್ನುವ ಹಳೇ ಜಗಳ ಇಲ್ಲಿಗೆ ತರಬೇಡಿ. ಅಂಥ ಎರಡು ಪ್ರತಿಕ್ರಿಯೆ ಆಗಲೇ ತೆಗೆದಿದ್ದೇನೆ.

ಡಲ್ಲಾಸ್ ಕನ್ನಡಿಗ

ತಡವಾಗಿ ಬಂದೆ. ನಮ್ಮ ಕಡೆಯ ಒಂದು ವಿಷಯ ಸೇರಿಸುತ್ತೇನೆ. ಇವರು ಮುಂದೆ ಕ್ಯಾಲಿಫೋರ್ನಿಯಾ ಬಿಟ್ಟು ಪೂರ್ವ ಟೆಕ್ಸಸ್‌ನ ಲಿಂಡೇಲ್ ಕಡೆ ಬಂದು ನೆಲೆಸಿದರು. ಡಲ್ಲಾಸ್‌ನಿಂದ ಐ-20 ಹೆದ್ದಾರಿ ಹಿಡಿದು ಟೈಲರ್ ಕಡೆ ಹೋದರೆ ಸಿಗುವ ಸಣ್ಣ ಊರು. ಪೈನ್ ಮರ, ದನ ಮೇಯುವ ಬಯಲು. ಕೀತ್ ಗ್ರೀನ್ ಕೂಡ 1979ರಲ್ಲಿ ಅಲ್ಲಿಗೇ ಬಂದರು, 1982ರಲ್ಲಿ ವಿಮಾನ ಬಿದ್ದು ತೀರಿಕೊಂಡದ್ದೂ ಅಲ್ಲೇ. ‘ಈಸ್ಟರ್ ಸಾಂಗ್’ ಬರೆದವರು, ಅದನ್ನು ಇನ್ನಷ್ಟು ಜನಕ್ಕೆ ಮುಟ್ಟಿಸಿದವರು, ಇಬ್ಬರೂ ಒಂದೇ ಸಣ್ಣ ಊರಿನ ಸುತ್ತಮುತ್ತ. ಇದು ಆರಂಭದ ವರ್ಷಗಳ ಆಚೆಗಿನದು, ಗೊತ್ತು.

ಡಿಸ್ಕ್ ಬುಟ್ಟಿ

ಆಚೆಗಿನದೇ ಆದರೂ ಒಂದು ಕೊಂಡಿ ಇದೆ. ಮರ್ ಶುರು ಮಾಡಿದ ಬಿಲ್ಲಿ ರೇ ಹರ್ನ್ 1976ರಲ್ಲಿ ಹೊರಗೆ ಬಂದು ಸ್ಪ್ಯಾರೋ ಅಂತ ಹೊಸ ಕಂಪನಿ ತೆರೆದರು. ಬ್ಯಾರಿ ಅಲ್ಲಿಗೆ ಹೋದರು. ಕೀತ್ ಗ್ರೀನ್ ಆಲ್ಬಮ್ ಅಲ್ಲಿಂದಲೇ ಬಂತು. ಈ ಮೂವರ 1978ರ ‘ಮ್ಯಾನ್ಷನ್ ಬಿಲ್ಡರ್’ ಕೂಡ ಸ್ಪ್ಯಾರೋದ್ದೇ. ದೊಡ್ಡ ಉದ್ಯಮ ಆಗುವ ಮೊದಲು ಈ ಸಂಗೀತ ಇಡೀ ಹೀಗೇ ಇತ್ತು, ಎಲ್ಲರಿಗೂ ಎಲ್ಲರೂ ಗೊತ್ತು.

ರಾಗಮಾಲೆ

ಒಂದು ಕೇಳಲಾ? ಆ್ಯನಿ ಬಗ್ಗೆ ಬರೆದಿರಿ, ಮ್ಯಾಥ್ಯೂ ಬಗ್ಗೆ ಬರೆದಿರಿ, ಬಕ್ ಬಗ್ಗೆ ಜಗಳವೇ ಆಯಿತು. ನೆಲ್ಲಿ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಸ್ಟುಡಿಯೋ ಮಂಜ

ಸರಿಯಾಗಿ ಹಿಡಿದಿರಿ. ಆ್ಯನಿಗೆ ಹಾಡು ಕಟ್ಟುವ ಕೆಲಸ ಇತ್ತು, 1976ರಲ್ಲಿ ಸೋಲೋ ಆಲ್ಬಮ್ ಕೂಡ ಬಂತು. ಮ್ಯಾಥ್ಯೂದು ಎದ್ದು ಕಾಣುವ ದನಿ. ನೆಲ್ಲಿ ನಡುವಿನವಳು, ಮನೆಯಲ್ಲೂ ಹಾಡಿನಲ್ಲೂ. ಅಕ್ಕನ ದನಿ ಕಂಪಿಸುತ್ತದೆ, ತಮ್ಮನದು ಮೇಲೆ ಹಾರುತ್ತದೆ. ಇವರಿಬ್ಬರ ನಡುವೆ ಅಲುಗಾಡದೆ ನೆಟ್ಟಗೆ ನಿಲ್ಲುವ ದನಿ ಇನ್ನೊಂದು ಬೇಕೇ ಬೇಕು. ಹಾಗೆ ನಿಂತ ದನಿ ಕೇಳುಗರ ಗಮನಕ್ಕೆ ಬರುವುದಿಲ್ಲ, ಮಿಕ್ಸ್ ಮಾಡುವವನಿಗೆ ಮಾತ್ರ ಗೊತ್ತು. ‘ಇನ್ ದ ವಾಲ್ಯೂಮ್ ಆಫ್ ದ ಬುಕ್’ ಹಾಕಿಕೊಂಡು ಅವಳ ದನಿ ಒಂದನ್ನೇ ಹಿಂಬಾಲಿಸಿ. ಮೊದಲ ಸಲಕ್ಕೆ ಸಿಗುವುದಿಲ್ಲ, ಎಡಗಡೆ ಬಲಗಡೆ ಹೆಡ್‌ಫೋನ್ ಒಂದೊಂದೇ ತೆಗೆದು ಕೇಳಿ ನೋಡಿ.

ಮೈಸೂರು ಆಲ್ಟೋ

ಅದಕ್ಕೇ ನಡುವಿನ ದನಿ ಹಾಡುವ ನಮ್ಮಂಥ ಆಲ್ಟೋಗಳಿಗೆ ಕಾಫಿ ಮೊದಲು ಕೊಡಬೇಕು ಅಂತ ನಾನು ಹೇಳುವುದು. ಸಿಕ್ಕಿತಾ ರಾಗಮಾಲೆ ಅವರೇ?

ರಾಗಮಾಲೆ

ಎರಡನೇ ಹಾಡಿಗೆ ಸಿಕ್ಕಿತು. ಈಗ ಬೇರೆ ಏನೂ ಕೇಳಿಸುತ್ತಿಲ್ಲ.